ಪೆಟ್ಟಿಗೆಯ ಮೇಲಿನ ಚೀಟಿ

ಅಚ್ಚಾದ ಅಕ್ಷರ ಕಂಡರೆ ಸಾಕು, ಮುನಿಶಾಮಣ್ಣ ನಿಂತು ಓದುತ್ತಿದ್ದ. ಸೀಮೆಎಣ್ಣೆ ಡಬ್ಬ, ಬೆಂಕಿಪೊಟ್ಟಣ, ಔಷಧದ ಸೀಸೆ, ಯಾವುದಾದರೂ ಸರಿ. ನನ್ನ ದೊಡ್ಡಪ್ಪನ ಮಗ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಇಂಗ್ಲಿಷನ್ನೂ ಡಬ್ಬಗಳಿಂದಲೇ ಕಲಿತ. ಮಿಡ್ಲ್ ಸ್ಕೂಲು ಮುಗಿಸಿ ಬೇಸಾಯಕ್ಕೆ ನಿಂತಿದ್ದ ನನ್ನನ್ನು ತಡೆದು, "ಲೇ, ಚಾಕು ಪೊಟ್ಟಣದ ಮೇಲೆ ನೈಫ್ ಅನ್ನಕ್ಕೆ ಮೊದ್ಲು ಕೆ ಐತೆ, ಬಾಯಲ್ಲಿ ಬರಾಕಿಲ್ಲ ಅಂತೀಯ. ಮತ್ಯಾಕ್ ಬರುದ್ರು, ಶೋಕಿಗಾ?" ಎನ್ನುತ್ತಿದ್ದ.

ಯುದ್ಧದ ಕಾಲ. ನಲ್ಲೂರಿನ ಹುಣಸೆ ತೋಪಿನಲ್ಲಿ ಒಂದು ಪೆಟ್ಟಿಗೆ ನೇತಾಡುತ್ತಿತ್ತು, ಜೊತೆಗೆ ಹರಿದ ರಬ್ಬರ್ ಬಲೂನು. ಬಾಂಬೆಂದು ಜನ ಓಡಿದರು. ಇವನು ಮರ ಹತ್ತಿ ಇಳಿಸಿದ. ಅದರ ಮೇಲಿನ ಇಂಗ್ಲಿಷ್ ಚೀಟಿಯನ್ನು ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ಓದಿದೆವು. ಆಕಾಶದ ಶಾಖ, ತೇವ ಅಳೆದು ವೈರ್‌ಲೆಸ್ಸಿನಲ್ಲಿ ನೆಲದವರಿಗೆ ತಿಳಿಸುವ ಯಂತ್ರ, ಸಿಕ್ಕಿದವರು ಹಿಂದಿರುಗಿಸಬೇಕು ಎಂದಿತ್ತು.

"ನೋಡ್ಲಾ, ಮೇಲ್ಗಡೆ ಎಷ್ಟು ಚಳಿ ಐತೆ ಅಂತ ಇಲ್ಲಿ ಕೂತೋರ್ಗೆ ಹೇಳ್ತದಂತೆ! ತಂತಿ ಇಲ್ಲ, ಏನಿಲ್ಲ!"

ಟವೆಲಿನಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಹೊತ್ತ. ನಾನೂ ಹೋದೆ.

"ಏನೋ ಅದು?" ಎಂದ ದಫೇದಾರ.

"ವೈರ್‌ಲೆಸ್ಸು, ಸ್ವಾಮಿ."

ಅಷ್ಟೇ ಸಾಕಾಯಿತು. ಕೆನ್ನೆಗೆ ಬಿತ್ತು. "ಯಾರ್ ಹತ್ರ ಮಾತಾಡ್ತಿದ್ದೆ? ಜಪಾನಿನೋರ ಹತ್ರಾನಾ?"

"ನಾನಲ್ಲ ಸ್ವಾಮಿ, ಪೆಟ್ಟಿಗೆ ಮಾತಾಡ್ತಿತ್ತು. ಚೀಟಿ ಓದ್ಕಳಿ."

ದಫೇದಾರನಿಗೆ ಇಂಗ್ಲಿಷ್ ಬಾರದು. ಅದನ್ನು ಹೇಳಲಾರದೆ ಪಕ್ಕೆಗೆ ಒದ್ದ. ನನ್ನತ್ತ ತಿರುಗಿ, "ನಿಂಗ್ ಬರ್ತದೇನೋ ಇದು ಓದಕ್ಕೆ?" ಎಂದ.

"ಇಲ್ಲ ಸ್ವಾಮಿ."

ಮುನಿಶಾಮಣ್ಣ ನನ್ನನ್ನು ಒಮ್ಮೆ ನೋಡಿದ, ಅಷ್ಟೆ.

ಅವನನ್ನು ಲಾಕಪ್ಪಿಗೆ ತಳ್ಳಿದರು. ಎಂಟನೆಯ ದಿನ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದ. ಚೀಟಿ ಓದಿ ನಕ್ಕ. "ಪೆಟ್ಟಿಗೆಗೇನೂ ಪೆಟ್ಟಾಗಿಲ್ಲ ತಾನೇ?" ಎಂದು ವಿಚಾರಿಸಿದ. ದಫೇದಾರ ಸಲಾಮು ಹೊಡೆದ. ಗೋಡೆಗೆ ಒರಗಿ, ಪಕ್ಕೆ ಹಿಡಿದು ನಿಂತಿದ್ದವನನ್ನು ಯಾರೂ ಕೇಳಲಿಲ್ಲ. ಆ ನಗು, ಆ ಸಲಾಮು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ಹೇಸಿಗೆ ನನ್ನ ಮೇಲೆಯೇ.

ಆಮೇಲೆ ಅವನು ನೆಟ್ಟಗೆ ಉಸಿರಾಡಲಿಲ್ಲ. ಕೆಮ್ಮಿದಾಗ ರಕ್ತ ಬರುತ್ತಿತ್ತು. ಎದುರಾದಾಗಲೆಲ್ಲ, "ಉಂಡ್ಯೇನಪ್ಪಾ?" ಎಂದು ಮೊದಲಿನಂತೆಯೇ ಕೇಳುತ್ತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೋದ ತಿಂಗಳು ನೋಡಲು ಹೋದಾಗ ಅತ್ತಿಗೆ ನೀರಿಗೆ ಹೋಗಿದ್ದಳು. ಹತ್ತಿರ ಕರೆದು, "ಆ ಚೀಟಿ ನಾನು ಸರ್ಯಾಗೇ ಓದಿದ್ನೇನೋ? ಒಂದೊಂದ್ಸಲ ನಂದೇ ತಪ್ಪೇನೋ ಅನ್ಸ್ತದೆ" ಎಂದ.

"ಸರಿಯಾಗೇ ಓದಿದ್ದೆ ಕಣಣ್ಣ. ಒಂದಕ್ಷರಾನೂ ತಪ್ಪಿರ್ಲಿಲ್ಲ."

ತಲೆಯಾಡಿಸಿ ಗೋಡೆಯ ಕಡೆ ಹೊರಳಿದ. ಮೂರನೆಯ ದಿನ ತೀರಿಕೊಂಡ.

ಕೋಣೆಯಲ್ಲಿ ಅವತ್ತು ನಾವಿಬ್ಬರೇ ಇದ್ದೆವು. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂತು.