ಮನೆ ಎಳೆದುಕೊಂಡು ಹೊರಡಲು ಎಷ್ಟು ಗ್ಯಾಸು ಬೇಕು

ಹೋದ ವರ್ಷ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯ ಸಮರ್‌ಸೆಟ್ಟಿನ ನಮ್ಮ ಮನೆಯ ಮುಂದೆ ಮೂವತ್ತು ಅಡಿ ಉದ್ದದ ಕ್ಯಾಂಪರ್ ಬಂದು ನಿಂತಿತು. ನಾನು ಒಲೆಯ ಮೇಲಿನ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು, ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿದೆ. ಗಾಲಿಗಳ ಮೇಲೆ ಒಂದು ಇಡೀ ಮನೆ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಕಿಟಕಿಗೆ ಹೂವಿನ ಪರದೆ. ಒಂದು ಬಾಗಿಲಿಂದ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಎದುರು ಮನೆಯವರು ನೋಡುತ್ತಿದ್ದಾರೆ ಎನ್ನುವುದೂ ನೆನಪಾಗಲಿಲ್ಲ.

ಅದನ್ನು ತಂದವರು ಹತ್ತಿರದ ಮೆಟುಚೆನ್ನಿನ ನಮ್ಮ ಹಳೆಯ ಸ್ನೇಹಿತರು, ಧಾರವಾಡದ ಡಾಕ್ಟರು. ರಿಟೈರ್ ಆದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಇದರಲ್ಲೇ ಅರ್ಧ ಅಮೆರಿಕ ಸುತ್ತಿದವರು. ಈಗ ಮಂಡಿನೋವು. ಕ್ಯಾಂಪರನ್ನೂ ಅದನ್ನು ಎಳೆಯುವ ಪಿಕಪ್ ಟ್ರಕ್ಕನ್ನೂ ಒಟ್ಟಿಗೇ ಮಾರಬೇಕೆಂದಿದ್ದರು. ಕೊಳ್ಳುವವನೊಬ್ಬ ಆಗಲೇ ಕಾಯುತ್ತಿದ್ದ.

"ಒಂದು ವಾರ ಇಟ್ಕೊಂಡ್ ನೋಡ್ರಿ ವೈನಿ," ಎಂದರು. "ಮುಂದಿನ ರವಿವಾರ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಬ್ಯಾಡಂದ್ರ ಆ ಮನಷ್ಯಾ ಬಂದು ಒಯ್ತಾನ."

ನನಗೆ ಬೇಕೇ ಬೇಕಿತ್ತು. ಮ್ಯಾನ್‌ಹಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಈ ದೇಶವನ್ನು ಕಂಡದ್ದು ರೈಲಿನ ಕಿಟಕಿಯಿಂದ, ಅದೂ ಹಡ್ಸನ್ ನದಿಯ ಕೆಳಗಿನ ಸುರಂಗದ ತನಕ. ಪಶ್ಚಿಮದ ದೊಡ್ಡ ಬಯಲುಗಳನ್ನು, ಹೊಗೆಯಾಡುವ ಬಿಸಿನೀರಿನ ಬುಗ್ಗೆಗಳನ್ನು, ಕಾಡೆಮ್ಮೆಗಳ ಹಿಂಡನ್ನು ನೋಡಬೇಕು, ನಮ್ಮದೇ ಒಲೆಯ ಕಾಫಿ ಕುಡಿಯುತ್ತಾ ನೋಡಬೇಕು ಎನ್ನುವುದು ನನ್ನ ಆಸೆ.

ನಮ್ಮ ಯಜಮಾನರು ಇಂಜಿನಿಯರಾಗಿ ನಿವೃತ್ತರಾದವರು. ಬೇಡ ಎನ್ನಲಿಲ್ಲ; ಗ್ಯಾಸಿನ, ಅಂದರೆ ಪೆಟ್ರೋಲಿನ, ಬಗ್ಗೆ ಒಂದೇ ಒಂದು ಷರತ್ತು ಹಾಕಿದರು. "ಕೊಳ್ಳೋ ದುಡ್ಡು ಬೇರೆ, ಅದಿದೆ. ಆದರೆ ಇದರ ಹೊಟ್ಟೆಗೆ ದಿನಾ ಹಾಕ್ಬೇಕಲ್ಲ. ಪೆನ್ಷನ್ನಲ್ಲಿ ಗ್ಯಾಸಿಗೆ ಅಂತ ತಿಂಗಳಿಗೆ ಸಾವಿರ ಡಾಲರ್ ಎತ್ತಿಡಬಹುದು. ಅದರೊಳಗೆ ಆದ್ರೆ ಹೋಗೋಣ. ಉಳಿತಾಯಕ್ಕೆ ಕೈಹಾಕೋ ಹಾಗಿದ್ರೆ ವಾಪಸ್ ಕೊಟ್ಟುಬಿಡೋಣ, ಆಯ್ತಾ?"

ಆಯ್ತು ಎಂದೆ. ಇನ್ನೇನು ಹೇಳಲಿ, ಸಾವಿರ ಎಂದರೆ ನನಗೆ ಸಮುದ್ರದಷ್ಟು ಕಂಡಿತು.

ಅವರು ಡಾಕ್ಟರನ್ನೇ ಕೇಳಿದರು. "ಎಳೀವಾಗ ಮೈಲೇಜ್ ಎಷ್ಟು ಕೊಡತ್ತೆ ಡಾಕ್ಟ್ರೇ?"

"ನಾ ಎಂದೂ ಲೆಕ್ಕಾ ಹಾಕಿಲ್ರಿ. ಹಾಕಿದ್ರ ಮನ್ಯಾಗ ಕೂತಿರ್ತಿದ್ದೆ."

ಇಂಥ ಉತ್ತರ ಕೇಳಿದರೆ ನಮ್ಮವರಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಆ ಸಂಜೆಯೇ ಕಂಪ್ಯೂಟರಿನ ಮುಂದೆ ಕೂತರು. ಯೆಲ್ಲೋಸ್ಟೋನಿಗೆ ಹೋಗಿ, ಗ್ರ್ಯಾಂಡ್ ಕ್ಯಾನ್ಯನ್ನಿಗೆ ಇಳಿದು, ವಾಪಸ್ ಜೆರ್ಸಿಗೆ ಬರಲು ಆರು ಸಾವಿರ ಮೈಲಿ. ಎರಡು ತಿಂಗಳ ಪ್ರಯಾಣ, ಅಂದರೆ ಗ್ಯಾಸಿಗೆ ಎರಡು ಸಾವಿರ ಡಾಲರ್. ಯಾರೋ ಎಲ್ಲೋ ಬರೆದದ್ದನ್ನು ನಂಬಿ, ಗ್ಯಾಲನ್ನಿಗೆ ಹನ್ನೆರಡು ಮೈಲಿ ಎಂದು ಹಿಡಿದರು. ಗ್ಯಾಲನ್ನಿಗೆ ಮೂರೂವರೆ ಡಾಲರಿನ ಹಾಗೆ ಸಾವಿರದ ಏಳುನೂರೈವತ್ತು ಬಂತು.

"ಆಗತ್ತೆ ಅನ್ಸತ್ತೆ," ಎಂದರು. "ಆದ್ರೂ ಒಂದ್ಸಲ ಎಳೆದು ನೋಡ್ಬೇಕು."

ನನಗೆ ಅಷ್ಟೇ ಸಾಕಾಗಿತ್ತು. ಮಾರನೆಯ ದಿನವೇ ಮನೆ ಹೂಡಿದೆ. ನನ್ನನ್ನು ಬೆಳೆಸಿದವರು ಅಜ್ಜಿ ಮತ್ತು ಸೋದರತ್ತೆ. ಮಾತು ಕಲಿಸಿದವರೂ ಅವರೇ, ಹೊಸ ಮನೆಗೆ ಕಾಲಿಡುವ ಕ್ರಮ ಕಲಿಸಿದವರೂ ಅವರೇ. ಹಾಲುಕ್ಕಿಸಬೇಕು, ಉಪ್ಪು, ಅಕ್ಕಿ, ಬೇಳೆ ಇಡಬೇಕು, ತುಂಬಿದ ಕೊಡ ಇರಬೇಕು. ಪುಟ್ಟ ಒಲೆಯ ಮೇಲೆ ಹಾಲು ಉಕ್ಕಿದ ಕೂಡಲೇ ತಲೆಯ ಮೇಲಿನ ಹೊಗೆಯ ಅಲಾರಂ ಕಿರುಚಿಕೊಂಡಿತು. ಇವರು ಟವೆಲ್ ಬೀಸುತ್ತಾ ನಿಂತರೆ ನಾನು ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟೆ. ಕೊಡದ ಬದಲಿಗೆ ಕ್ಯಾಂಪರಿನ ಹೊಟ್ಟೆಯಲ್ಲಿದ್ದ ನೀರಿನ ಟ್ಯಾಂಕಿಗೇ ಪೈಪು ಬಿಟ್ಟು ತುಳುಕುವಷ್ಟು ತುಂಬಿಸಿದೆ. ಸೋನಾ ಮಸೂರಿಯ ನಾಲ್ಕು ಚೀಲ, ತೊಗರಿಬೇಳೆ, ಮೂರು ಕುಕ್ಕರು, ಕಲ್ಲಿನ ಕುಟ್ಟಾಣಿ, ವೆಟ್ ಗ್ರೈಂಡರ್. ಕಾಡೆಮ್ಮೆಗಳ ನಾಡಿನಲ್ಲಿ ದೋಸೆ ಬೇಡವೇ?

ಬುಧವಾರ ಎಳೆದು ನೋಡಲು ಹೊರಟೆವು. ಜೆರ್ಸಿಯಲ್ಲಿ ಗ್ಯಾಸ್ ನಾವೇ ಹಾಕಿಕೊಳ್ಳುವಂತಿಲ್ಲ, ಬಂಕಿನವರೇ ಹಾಕಬೇಕು. ಇವರು ಇಳಿದು ಹೋಗಿ, ಟ್ಯಾಂಕು ತುಂಬಿ ಪೈಪು ಮೊದಲ ಸಲ ಟಕ್ ಎಂದಾಗ ನಿಲ್ಲಿಸಿ, ಆಮೇಲೆ ಒಂದು ಹನಿಯೂ ಬೇಡ ಎಂದು ಆತನಿಗೆ ಎರಡೆರಡು ಬಾರಿ ಹೇಳಿದರು. ಅಲ್ಲಿಂದ ಹೈವೇ ಹಿಡಿದು ಪಶ್ಚಿಮಕ್ಕೆ. ಕನ್ನಡಿಯಲ್ಲಿ ನೋಡಿದರೆ ನಮ್ಮ ಮನೆ ನಮ್ಮ ಹಿಂದೆಯೇ ಬರುತ್ತಿದೆ. ಗುಡ್ಡಗಳಲ್ಲಿ ಮರಗಳು ಆಗತಾನೇ ಚಿಗುರುತ್ತಿದ್ದವು. ಹೀಗೇ ನಿಲ್ಲಿಸದೆ ಹೋಗಿಬಿಡೋಣ ರೀ, ಎಂದೆ. ಇವರ ಕಣ್ಣು ಗ್ಯಾಸಿನ ಮುಳ್ಳಿನ ಮೇಲೆ.

ತೊಂಬತ್ತು ಮೈಲಿ ತಿರುಗಿ ಅದೇ ಬಂಕಿಗೆ ಬಂದೆವು. ಮತ್ತೆ ಟಕ್ ಎನ್ನುವಷ್ಟರಲ್ಲಿ ಹನ್ನೆರಡು ಗ್ಯಾಲನ್ ಕುಡಿದಿತ್ತು.

"ಏಳೂವರೆ," ಎಂದರು ಇವರು, ಯಾರಿಗೋ ಬಂದ ಜ್ವರದ ಡಿಗ್ರಿ ಹೇಳಿದ ಹಾಗೆ. "ಗ್ಯಾಲನ್ನಿಗೆ ಏಳೂವರೆ ಮೈಲಿ. ಎರಡು ಸಾವಿರದ ಎಂಟುನೂರು ಡಾಲರ್ ಆಗತ್ತೆ."

ಮನೆ ತನಕ ನಾನು ಕನ್ನಡಿ ನೋಡಲಿಲ್ಲ.

ಮಾರನೆಯ ದಿನ ಡಾಕ್ಟರು ಹೇಗಿದೆ ಎಂದು ವಿಚಾರಿಸಲು ಬಂದರು. ಕ್ಯಾಂಪರಿನ ಬಾಗಿಲು ತೆಗೆದವರು ಅಲ್ಲೇ ನಿಂತುಬಿಟ್ಟರು.

"ಏನ್ರೀ ವೈನಿ, ಕಿರಾಣಿ ಅಂಗಡಿ ಇಟ್ಟೀರೇನು ಇಲ್ಲೆ?" ಆಮೇಲೆ ಟ್ಯಾಂಕಿನ ಮೀಟರ್ ನೋಡಿ, "ನೀರು ಯಾಕ ತುಂಬೀರಿ? ಅಮೆರಿಕಾದಾಗ ಎಲ್ಲೀನೂ ನಳಾ ಇಲ್ಲೇನು?"

"ತುಂಬಿದ ಕೊಡ ಇರ್ಲಿ ಅಂತ..."

"ಒಂದು ತಂಬಿಗಿ ಇಟ್ರ ಆಗತಿತ್ತಲ್ರಿ. ಭಾವಿ ಇಟ್ಟೀರಲ್ಲ."

ಇವರು ಅಷ್ಟರಲ್ಲಿ ಮನಸ್ಸಿನಲ್ಲೇ ಗುಣಿಸುತ್ತಿದ್ದರು. ಐವತ್ತು ಗ್ಯಾಲನ್ ನೀರು ಎಂದರೆ ನಾಲ್ಕುನೂರು ಪೌಂಡಿಗೂ ಮೇಲೆ. "ನಾನು ಇಂಜಿನಿಯರ್ ಅಂತೆ," ಎಂದು ಹಣೆ ಒತ್ತಿಕೊಂಡರು. ಡಾಕ್ಟರು ಅವರನ್ನೂ ಬಿಡಲಿಲ್ಲ. "ನೀವೆಷ್ಟು ಸ್ಪೀಡ್ ಹೊಡದ್ರಿ? ಎಪ್ಪತ್ತು? ಆಫೀಸಿಗೆ ತಡಾ ಆಗಿತ್ತೇನು?"

ನೀರು ಬಿಟ್ಟೆವು, ಡ್ರೈವ್‌ವೇ ಉದ್ದಕ್ಕೂ ಸಣ್ಣ ಹೊಳೆ ಹರಿಯಿತು. ಅಕ್ಕಿ ಇಳಿಯಿತು, ಕುಟ್ಟಾಣಿ ಇಳಿಯಿತು, ಎರಡು ಕುಕ್ಕರ್ ಇಳಿದವು. ವೆಟ್ ಗ್ರೈಂಡರನ್ನು ನಾನೇ ತಬ್ಬಿಕೊಂಡು ಇಳಿಸಿದೆ. ಶುಕ್ರವಾರ ಅದೇ ರಸ್ತೆ, ಅದೇ ಬಂಕು, ಅರವತ್ತರ ಮೇಲೆ ಹೋಗಲಿಲ್ಲ. ಒಂಬತ್ತು ಗ್ಯಾಲನ್. ಅಂದರೆ ಗ್ಯಾಲನ್ನಿಗೆ ಹತ್ತು ಮೈಲಿ. ನಾನು ಸೀಟಿನಲ್ಲೇ ಕುಣಿದೆ.

ಇವರು ಕುಣಿಯಲಿಲ್ಲ. ಆರುನೂರು ಗ್ಯಾಲನ್ನಿಗೆ ಎರಡು ಸಾವಿರದ ನೂರು. ಪಶ್ಚಿಮದಲ್ಲಿ ಬೆಲೆ ಹೆಚ್ಚು, ಅಡ್ಡದಾರಿಗಳು ಬೇರೆ, ಎಂದು ಇನ್ನು ಮುನ್ನೂರು ಸೇರಿಸಿದರು. "ಇನ್ನೂ ನಾಲ್ಕುನೂರು ಜಾಸ್ತಿ ಆಗ್ತಿದೆ. ಮೊದಲ ಪ್ರಯಾಣಕ್ಕೇ ಮಾತು ಮುರಿದ್ರೆ ಆಮೇಲೆ ಕೇಳೋರ್ಯಾರು?" ಅವರ ದನಿಯಲ್ಲಿ ಜಗಳ ಇರಲಿಲ್ಲ, ಬೇಸರ ಇತ್ತು. ಆಗಲೇ ನನಗೆ ಗೊತ್ತಾಯಿತು, ಇವರಿಗೂ ಹೋಗುವ ಆಸೆ ನನ್ನಷ್ಟೇ ಇದೆ.

ಶನಿವಾರ ಮ್ಯಾನ್‌ಹಟನ್ನಿನಿಂದ ಮಗಳು ಊಟಕ್ಕೆ ಬಂದಳು. ಇವರು ದಿನದಿನದ ಪ್ರಯಾಣದ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು, ಎಲ್ಲಿಯಾದರೂ ನಾಲ್ಕುನೂರು ಡಾಲರ್ ಕಡಿಮೆ ಮಾಡಲಾದೀತೇ ಎಂದು. ನಾನೂ ಬಗ್ಗಿ ನೋಡಿದೆ. ಬೆಳಿಗ್ಗೆ ಐದಕ್ಕೆ ಹೊರಡುವುದು, ಇನ್ನೂರು ಮೈಲಿ. ಯೆಲ್ಲೋಸ್ಟೋನಿನಲ್ಲಿ ನಿಲ್ಲುವುದು ಒಂದೂವರೆ ದಿನ. ಮತ್ತೆ ಐದಕ್ಕೆ ಹೊರಡುವುದು. ನನಗೆ ನಮ್ಮ ಹಳೆಯ ರಜಗಳೆಲ್ಲ ಕಣ್ಣಿಗೆ ಬಂದವು. ಇಂಡಿಯಾದಿಂದ ಯಾರೇ ಬರಲಿ, ಹತ್ತು ದಿನದಲ್ಲಿ ನಯಾಗರ, ವಾಷಿಂಗ್ಟನ್, ಫ್ಲಾರಿಡಾ ಎಲ್ಲ ಮುಗಿಸಿ, ಕೂಲರ್ ತುಂಬ ಪುಳಿಯೋಗರೆ ತುಂಬಿಕೊಂಡು, ಪ್ರತಿ ಜಾಗದಲ್ಲೂ ಒಂದು ಫೋಟೋ, "ಹತ್ತಿ, ಹತ್ತಿ, ಹೊತ್ತಾಯ್ತು" ಎಂಬ ಇವರ ಕೂಗು.

"ರೀ, ಎರಡೇ ತಿಂಗಳು ಯಾಕೆ?"

"ಮತ್ತೆ? ಅದಕ್ಕಿಂತ ಜಾಸ್ತಿ ರಜ ಎಲ್ಲಿ..." ಎಂದವರು ಬಾಯಿ ತೆರೆದ ಹಾಗೇ ನಿಂತರು.

ಮಗಳು ಚಮಚ ಕೆಳಗಿಟ್ಟಳು. "ಅಪ್ಪಾ, ಹೂ ಈಸ್ ಯುವರ್ ಬಾಸ್?"

ಅವರು ನನ್ನ ಕಡೆ ನೋಡಿದರು. ಮೂವರೂ ಎಷ್ಟು ನಕ್ಕೆವೆಂದರೆ ಸಾರು ಆರಿಹೋಯಿತು.

ನಕ್ಕು ಸುಸ್ತಾದ ಮೇಲೆ ಅವರು ಪೆನ್ಸಿಲ್ ಎತ್ತಿಕೊಂಡರು. ಷರತ್ತು ತಿಂಗಳಿಗೆ ಸಾವಿರ. ಅದೇ ಆರು ಸಾವಿರ ಮೈಲಿಯನ್ನು ಮೂರು ತಿಂಗಳಿಗೆ ಹರಡಿದರೆ ತಿಂಗಳಿಗೆ ಎಂಟುನೂರು. ನಾಲ್ಕು ತಿಂಗಳಾದರೆ ಆರುನೂರು.

"ಕ್ಯಾಂಪ್‌ಗ್ರೌಂಡಿನ ಬಾಡಿಗೆ ಏರಲ್ವಾ?" ಎಂದು ನಾನೇ ಕೇಳಿದೆ, ಹೆದರಿಕೊಂಡು.

"ವಾರಗಟ್ಟಲೆ ನಿಂತ್ರೆ ದಿನದ ಬಾಡಿಗೆ ಕಡಿಮೆ ಮಾಡ್ತಾರೆ. ಊಟ ಇಲ್ಲಿದ್ರೂ ಮಾಡ್ತೀವಿ, ಅಲ್ಲಿದ್ರೂ ಮಾಡ್ತೀವಿ," ಎಂದವರು ಐದು ಗಂಟೆ ಎಂದಿದ್ದಲ್ಲೆಲ್ಲ ಗೆರೆ ಎಳೆಯತೊಡಗಿದರು. ಯೆಲ್ಲೋಸ್ಟೋನಿನ ಒಂದೂವರೆ ದಿನ ಎರಡು ವಾರವಾಯಿತು. ನಡುವೆ ನಾವು ಹೆಸರೂ ಕೇಳಿರದ ಒಂದು ಕೆರೆಯ ದಡದಲ್ಲಿ ಒಂದು ವಾರ, ಸುಮ್ಮನೆ, ಕಾರಣವಿಲ್ಲದೆ.

ಭಾನುವಾರದ ತನಕ ಕಾಯಲಿಲ್ಲ. ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮೇಲೆ ಹಾಕಿದರು.

"ಹೂಂ, ನಾವೇ ಇಟ್ಕೊಳ್ತೀವಿ ಡಾಕ್ಟ್ರೇ."

"ಭಾಳ ಛಲೋ ಆತು ಬಿಡ್ರಿ. ಯಾವಾಗ ಹೊಂಟ್ರಿ?"

"ಮೇ ತಿಂಗಳಲ್ಲಿ."

"ಮತ್ತ, ವಾಪಸ್ ಯಾವಾಗ?"

ವಾಪಸ್ ಟಿಕೆಟ್ ಕೈಗೆ ಬರದೆ ಸೂಟ್‌ಕೇಸ್ ತೆರೆದವರಲ್ಲ ನಮ್ಮವರು. ಪಟ್ಟಿ ನೋಡಿದರು, ನನ್ನನ್ನು ನೋಡಿದರು.

"ಗೊತ್ತಿಲ್ಲ," ಎಂದರು.