ಪಂಕ್ಚರ್ ಅಕ್ಕನ ಪುಟಾಣಿ ದಳ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪಂಕ್ಚರ್ ಅಕ್ಕ ಎಂದೇ. ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯನ್ನು ಅವಳೇ ನಡೆಸಿಕೊಂಡು ಬಂದಿದ್ದಳು. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, ಉಜ್ಜಿ, ತೇಪೆ ಅಂಟಿಸುವುದರಲ್ಲೇ ವಾರ ಕಳೆಯುತ್ತಿತ್ತು. ಭಾನುವಾರ ಬೆಳಗ್ಗೆ ಮಾತ್ರ ಅಂಗಡಿಗೆ ಬೀಗ. ಕೈಯ ಮಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೊರಳಿಗೆ ಸ್ಕಾರ್ಫ್ ಕಟ್ಟಿ, ಶಾಲೆಯ ಮೈದಾನಕ್ಕೆ ಹೋಗಿ ಸ್ಕೌಟ್ ಮಕ್ಕಳಿಗೆ ಹಗ್ಗದ ಗಂಟು, ಡೇರೆ ಕಟ್ಟುವುದು ಎಲ್ಲ ಕಲಿಸುತ್ತಿದ್ದಳು.

ಆ ಮಕ್ಕಳ ತಮ್ಮಂದಿರು ತಂಗಿಯರು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವರಿಗೂ ಒಂದು ಗುಂಪು ಮಾಡೋಣ ಎಂದಳು ಅಕ್ಕ.

ಜೊತೆಗಿದ್ದ ಡ್ರಿಲ್ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಐದು ವರ್ಷದವರಾ? ಮೂಗು ಒರೆಸೋದರಲ್ಲೇ ಹೊತ್ತು ಹೋಗುತ್ತೆ, ಅಕ್ಕಾ."

"ಒರೆಸೋಣ ಬಿಡಿ ಮೇಷ್ಟ್ರೇ. ನಮ್ಮ ಮೂಗನ್ನೂ ಯಾರೋ ಒರೆಸಿದ್ರಲ್ಲ."

ಹೀಗೆ ಪುಟಾಣಿ ದಳ ಶುರುವಾಯಿತು. ಮೊದಲ ದಿನವೇ ಒಬ್ಬ ಶೂ ಕಳಕೊಂಡ, ಇನ್ನೊಬ್ಬಳಿಗೆ ಹಸಿವು, ಇಬ್ಬರು ಜಗಳವಾಡಿ ತಮ್ಮಷ್ಟಕ್ಕೆ ರಾಜಿಯಾದರು. ಗೇಟಿನ ಹೊರಗೆ ಒಬ್ಬ ಟೈಲ್ಸ್ ಕೆಲಸದವನು ಮಗಳನ್ನು ಒಳಗೆ ಕಳಿಸಲು ಒದ್ದಾಡುತ್ತಿದ್ದ. ಹುಡುಗಿ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹೋಗಮ್ಮ, ಎಷ್ಟು ಚೆನ್ನಾಗಿ ಆಡ್ತಿದಾರೆ ನೋಡು."

"ಬೇಡ."

ಅಕ್ಕ ಹೋಗಿ ಅವಳ ಪಕ್ಕ ಮಣ್ಣಿನಲ್ಲೇ ಕೂತಳು. "ಯಾಕೆ ಪುಟ್ಟಿ?"

ಹುಡುಗಿ ಸರಳಿಗೆ ಹಣೆ ಒತ್ತಿಕೊಂಡೇ ಹೇಳಿದಳು. "ಫ್ರೆಂಡ್ಸ್ ಆಗ್ತಾರೆ. ಆಮೇಲೆ ಅಪ್ಪನ ಕೆಲಸ ಮುಗಿಯುತ್ತೆ. ನಾವು ಹೋಗ್ಬಿಡ್ತೀವಿ."

ಅಪ್ಪ ಮುಖ ಆ ಕಡೆ ತಿರುಗಿಸಿದ. ಕಟ್ಟಡ ಎದ್ದ ಕಡೆಯೆಲ್ಲ ಅವನ ಸಂಸಾರವೂ ಹೋಗಬೇಕಿತ್ತು. ಹೋಗುವುದಿಲ್ಲ ಎಂದು ಅಕ್ಕನೂ ಸುಳ್ಳು ಹೇಳಲಿಲ್ಲ. ಎದ್ದು ನಿಂತು ಮೈದಾನದ ಕಡೆ ಕೂಗಿದಳು: "ಮಕ್ಕಳೇ, ಎಲ್ಲರೂ ಇಲ್ಲಿಗೇ ಬನ್ನಿ. ಇವತ್ತು ಗೇಟ್ ಹತ್ರಾನೇ ಆಟ!"

ಮಕ್ಕಳು ಹೋ ಎಂದು ಓಡಿ ಬಂದು ಹುಡುಗಿಯ ಸುತ್ತ ಕೂತರು. ಅವಳು ಆಡಲಿಲ್ಲ, ಸರಳನ್ನೂ ಬಿಡಲಿಲ್ಲ. ಮುಂದಿನ ಭಾನುವಾರವೂ ಆಟ ಗೇಟಿನ ಬಳಿಯೇ ನಡೆಯಿತು. ಆಮೇಲೆ ಸ್ವಲ್ಪ ಒಳಗೆ, ನಲ್ಲಿಯ ಹತ್ತಿರ. ಹುಡುಗಿಯೂ ಒಂದು ಕೈಯಲ್ಲಿ ಅಕ್ಕನ ಅಂಗಿಯ ಚುಂಗು ಹಿಡಿದು ನಲ್ಲಿಯವರೆಗೆ ಬಂದಳು. ಎಲೆಗಳನ್ನು ಆರಿಸಿ ಗುರುತು ಹಿಡಿಯುವ ಆಟದ ದಿನ ಮೈದಾನದ ಮೂಲೆಮೂಲೆಗೂ ಓಡಿ, ಮಡಿಲು ತುಂಬ ಎಲೆ ತಂದು ಸುರಿದಳು. ಅಂಗಿಯ ಚುಂಗು ಯಾವಾಗ ಬಿಟ್ಟಳೆಂದು ಅಕ್ಕನಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಅಕ್ಕ ನಲ್ಲಿ ತಿರುಗಿಸಿ ಸುಮ್ಮನೆ ಮುಖ ತೊಳೆದುಕೊಂಡಳು.

ಹುಡುಗಿ ಹೆದರಿದ್ದಂತೆಯೇ ಒಂದು ದಿನ ಕೆಲಸ ಮುಗಿಯಿತು. ಗಂಟುಮೂಟೆ ಕಟ್ಟಿಕೊಂಡು ಬಸ್ಸಿಗೆ ಹೊರಟವರು ಅಂಗಡಿಯ ಮುಂದೆ ನಿಂತರು. ಹುಡುಗಿ ಅಳುತ್ತಿದ್ದಳು. "ನಾನು ಅವತ್ತೇ ಹೇಳಿದ್ನಲ್ಲ ಅಕ್ಕಾ."

"ಹೌದು ಕಣೇ, ಹೇಳಿದ್ದೆ." ಅಕ್ಕ ಮಸಿಗೈಯನ್ನು ದೂರ ಹಿಡಿದು, ಮೊಣಕೈಯಿಂದಲೇ ಅವಳನ್ನು ತಬ್ಬಿಕೊಂಡಳು. ಆ ದಿನ ಅವಳು ಅಂಟಿಸಿದ ತೇಪೆಗಳಲ್ಲಿ ಒಂದೂ ನೆಟ್ಟಗೆ ಕೂರಲಿಲ್ಲ.

ಮಳೆಗಾಲ ಕಳೆದ ಮೇಲೆ ಟೈಲ್ಸ್ ಕೆಲಸದವನ ಫೋನು ಬಂತು. ಹೊಸ ಊರಿನಲ್ಲಿ ಪುಟಾಣಿ ದಳ ಇರಲಿಲ್ಲವಂತೆ. ಮಗಳು ಕಟ್ಟಡದ ಕೆಲಸದವರ ಮಕ್ಕಳನ್ನೆಲ್ಲ ಸೇರಿಸಿ, ಮರಳಿನ ಗುಡ್ಡೆಯ ಪಕ್ಕ ತಾನೇ ಒಂದು ದಳ ಮಾಡಿದ್ದಾಳಂತೆ. "ಊಟಕ್ಕೆ ಕರೆದ್ರೂ ಬರಲ್ಲ ಅಕ್ಕಾ. ನನಗೂ ಎಲೆ ಆರಿಸೋಕೆ ಹೇಳ್ತಾಳೆ. ಒಂದ್ಸಲ ಬಂದು ನೋಡಿ."

ಭಾನುವಾರ ಮೈದಾನವನ್ನು ಮೇಷ್ಟ್ರಿಗೆ ಒಪ್ಪಿಸಿ, ಅಕ್ಕ ಸ್ಕಾರ್ಫುಗಳ ಚೀಲ ಹಿಡಿದು ಬಸ್ಸು ಹತ್ತಿದಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವಳು ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಅರೆಬರೆ ಎದ್ದ ಗೋಡೆಗಳ ನಡುವೆ ಮಕ್ಕಳು ಸಾಲಾಗಿ ನಿಂತಿದ್ದರು. ಮುಂದೆ ನಿಂತಿದ್ದ ಹುಡುಗಿ ಅಕ್ಕನನ್ನು ನೋಡಿದಳು. ಮುಖವೆಲ್ಲ ಅರಳಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ.

"ಅಕ್ಕಾ, ನೀವು ಲೇಟು! ಕೊನೇಲಿ ಹೋಗಿ ನಿಂತ್ಕೊಳಿ."

ಪಂಕ್ಚರ್ ಅಕ್ಕ ಚೀಲ ಕೆಳಗಿಟ್ಟು, ಎಲ್ಲರಿಗಿಂತ ಚಿಕ್ಕವನ ಹಿಂದೆ ಹೋಗಿ ನೆಟ್ಟಗೆ ನಿಂತಳು.