ಬೇಡಕ್ಕೂ ಬ್ಯಾಡಕ್ಕೂ ಒಂದಕ್ಷರ

ಸರ್ವರಿನ ಹೆಸರು ಪರದೆಯ ಮೇಲೆ ಕಾಣುತ್ತಿತ್ತು. ಒಳಗೆ ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ. ನಲವತ್ತೈದು ನಿಮಿಷದ ಪರೀಕ್ಷೆಯಲ್ಲಿ ಹತ್ತು ನಿಮಿಷ ಆಗಲೇ ಕಳೆದಿತ್ತು.

ಜಗದಾಂಬಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅದು ಎರಡು ಸಾವಿರದ ಇಸವಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಪೀರ್ ಬಾಷಾ ಎಂಬವರು ನೆಟ್‌ವರ್ಕ್ ಕಲಿಸುತ್ತಿದ್ದರು. ಅವರ ಬಳಿ ಮೂರು ಹಳೆಯ ರೂಟರುಗಳಿದ್ದವು. ಅವಕ್ಕೆ ಶಿವಮೊಗ್ಗ, ಭದ್ರಾವತಿ, ಹೊಳೆಹೊನ್ನೂರು ಎಂದು ಚೀಟಿ ಅಂಟಿಸಿ, ಒಂದರಿಂದೊಂದಕ್ಕೆ ಕೇಬಲ್ ಎಳೆದು ಅದನ್ನೇ ಲ್ಯಾಬ್ ಎನ್ನುತ್ತಿದ್ದರು. ಆ ಲ್ಯಾಬ್ ನೋಡಿಕೊಳ್ಳಲು ಈಗ ಒಬ್ಬರು ಬೇಕಾಗಿದ್ದರು. ಕಲಿಯುವವರಲ್ಲಿ ಇಬ್ಬರನ್ನು ಆರಿಸಿ ಪರೀಕ್ಷೆ ಇಟ್ಟಿದ್ದರು. ಇಪ್ಪತ್ತಮೂರರ ಹರೆಯದ ಮಲ್ಲೇಶ್ ಬೆಳಿಗ್ಗೆಯೇ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಕಿಟಕಿಯ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದ. ಮೂವತ್ತನಾಲ್ಕರ ಜಗದಾಂಬಾ ಎರಡನೆಯವಳು.

ಅವಳಿಗೆ ಇದು ಬರೀ ಕೆಲಸವೊಂದರ ಮಾತಾಗಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ಓದುತ್ತಿದ್ದಾಗ ಮದುವೆಯಾಗಿ ಭದ್ರಾವತಿಗೆ ಬಂದವಳು, ಹನ್ನೆರಡು ವರ್ಷ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಂಡಿದ್ದಳು. ಗಂಡ ವಿಶ್ವಾರಾಧ್ಯ ಕಾರ್ಖಾನೆಯ ಪಾಳಿಯವನು. ಪಾಳಿ ಬದಲಾದಾಗಲೆಲ್ಲ ಅವನ ನಿದ್ದೆಯ ಜೊತೆಗೆ ಅವಳ ಅಡಿಗೆಯೂ ಬದಲಾಗಬೇಕಿತ್ತು. ವಾರಕ್ಕೆ ಮೂರು ದಿನ ಶಿವಮೊಗ್ಗದ ಬಸ್ಸು ಹತ್ತಲು ಅವಳು ಒಂದು ವರ್ಷ ಜಗಳವಾಡದೆಯೇ ಜಗಳವಾಡಿದ್ದಳು. ಮನೆಯಲ್ಲಿ ರೂಟರ್ ಎಲ್ಲಿಂದ ಬರಬೇಕು? ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ರೂಟರಿನ ಚಿತ್ರ ಬರೆದು, ಒಲೆಯ ಮುಂದೆ ನಿಂತು ಕಮಾಂಡುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಅತ್ತೆ ಕಲ್ಲಮ್ಮ ಆ ಹಾಳೆಗಳನ್ನು ಒಯ್ದು ಡಬ್ಬಿಗಳ ಕೆಳಗೆ ಹಾಸುತ್ತಿದ್ದರು.

ನಿನ್ನೆ ಗಂಡ ಹೇಳಿದ್ದ. "ನೋಡು, ಇದೊಂದು ಪರೀಕ್ಷೆ ಬರಿ. ಆಯ್ತೋ ಆಯ್ತು. ಆಗ್ಲಿಲ್ಲ ಅಂದ್ರೆ ಶಿವಮೊಗ್ಗ ಅಲ್ಲಿಗೇ ಮುಗೀತು."

"ಬ್ಯಾಡ ಅಂದ್ರೆ ಕೇಳ್ತಾಳಾ ಇವ್ಳು? ನಾನು ವರ್ಷದಿಂದ ಬ್ಯಾಡ ಬ್ಯಾಡ ಅಂತಾನೇ ಇದೀನಿ" ಎಂದಿದ್ದರು ಕಲ್ಲಮ್ಮ.

ಪರೀಕ್ಷೆಯ ಚೀಟಿಯಲ್ಲಿದ್ದುದು ಎರಡೇ ಸಾಲು. ಭದ್ರಾವತಿಯ ಕಂಪ್ಯೂಟರು ಶಿವಮೊಗ್ಗದ ಸರ್ವರಿಗೆ ತಲುಪಬೇಕು. ಹೊಳೆಹೊನ್ನೂರಿನದು ತಲುಪಬಾರದು. ಇವು ಮಾತಾಡುತ್ತಿದ್ದ ಭಾಷೆ ಐಪಿಎಕ್ಸ್. ಇಂಟರ್ನೆಟ್ ಬರುವ ಮೊದಲು ಆಫೀಸುಗಳಲ್ಲಿದ್ದದ್ದು, ಆಗಲೇ ಮೂಲೆ ಸೇರುತ್ತಿದ್ದದ್ದು. ಯಾರನ್ನು ಒಳಗೆ ಬಿಡಬೇಕು ಎಂಬ ಪಟ್ಟಿಯೊಂದು ರೂಟರಿನಲ್ಲಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರೆಲ್ಲ ಹೊರಗೆ. ಹಾಗೆಂದು ಎಲ್ಲೂ ಬರೆದಿರುವುದಿಲ್ಲ. ಪೀರ್ ಬಾಷಾ ಇದನ್ನು ಕಲಿಸಿದ ದಿನ ಉಳಿದವರು ಮೂರು ಸಲ ಕೇಳಿ ಬರೆದುಕೊಂಡಿದ್ದರು. ಜಗದಾಂಬಾಳಿಗೆ ಒಂದೇ ಸಲಕ್ಕೆ ತಿಳಿದಿತ್ತು.

ಪಟ್ಟಿ ಎಲ್ಲಿ ತೂಗುಬಿದ್ದಿದೆ ಎಂದು ನೋಡಿದಳು. ಸಿಕ್ಕಿತು. ಸರ್ವರಿನ ಕಡೆಯ ಬಾಗಿಲಲ್ಲಿ ಇರಬೇಕಾದ ಪಟ್ಟಿಯನ್ನು ಭದ್ರಾವತಿಯ ಕಡೆಯ ಬಾಗಿಲಿಗೆ ಹಾಕಿದ್ದರು. ಅಲ್ಲಿಂದ ತೆಗೆದು ಇಲ್ಲಿಗೆ ಹಾಕಿದಳು. ಭದ್ರಾವತಿಯ ಕಂಪ್ಯೂಟರಿನಿಂದ ಮತ್ತೆ ಸರ್ವರನ್ನು ಕರೆದಳು.

ಬಿಟ್ಟುಕೊಳ್ಳಲಿಲ್ಲ.

"ಸರ್, ಪಟ್ಟಿ ಸರಿಯಾದ ಜಾಗಕ್ಕೆ ಹಾಕಿದೀನಿ. ಆದ್ರೂ ಬರ್ತಿಲ್ಲ."

ಪೀರ್ ಬಾಷಾ ಗಡಿಯಾರ ನೋಡಿದರು. "ಅಕ್ಕಾ, ನಾನಿಟ್ಟಿದ್ದು ಒಂದೇ ತಪ್ಪು. ಅದನ್ನ ನೀವು ಹಿಡಿದ್ರಿ. ಈಗ್ಲೂ ಬರ್ತಿಲ್ಲ ಅಂದ್ರೆ ನಡುವೆ ನೀವೇ ಏನೋ ಕೆಡ್ಸಿರ್ಬೇಕು. ಹದಿನಾರು ನಿಮಿಷ ಇದೆ."

ನೀವೇ ಕೆಡಿಸಿರಬೇಕು. ಆ ಮಾತು ಅವಳ ಮೈಗೆ ಎಷ್ಟು ಸಲೀಸಾಗಿ ಹೊಂದಿತೆಂದರೆ, ಕ್ಷಣಕಾಲ ಅವಳು ಅದನ್ನು ನಂಬಿಯೇಬಿಟ್ಟಳು. ಹಾಲು ಒಡೆದರೆ, ಮಗುವಿಗೆ ಜ್ವರ ಬಂದರೆ, ಗಂಡ ಪಾಳಿಗೆ ತಡವಾದರೆ, ಮೊದಲು ತನ್ನಲ್ಲೇ ತಪ್ಪು ಹುಡುಕಿ ಅಭ್ಯಾಸವಾದವಳು. ತಾನು ಒತ್ತಿದ ಒಂದೊಂದು ಸಾಲನ್ನೂ ಹಿಂದಕ್ಕೆ ಓಡಿಸಿ ನೋಡಿದಳು. ಐದು ನಿಮಿಷ ಹೋಯಿತು. ತಪ್ಪಿರಲಿಲ್ಲ.

"ಆಂಟಿ, ಇದು ಕುಕ್ಕರ್ ಅಲ್ಲ, ಮೂರು ಸೀಟಿಗೆ ಇಳ್ಸೋಕೆ" ಎಂದ ಮಲ್ಲೇಶ್.

"ಎಷ್ಟು ಸೀಟಿ ಅಂತಾದ್ರೂ ಗೊತ್ತಲ್ಲ ಮಾರಾಯ ನಿಂಗೆ. ಮುಂದೆ ಬರೋಳಿಗೆ ಅನುಕೂಲ."

ಪೀರ್ ಬಾಷಾ ನಕ್ಕರು. ಅವರು ಕೆಳಗೆ ಚಹಾ ಹೇಳಲು ಬಾಗಿಲಿನಾಚೆ ಹೋದದ್ದೇ ತಡ, ಮಲ್ಲೇಶ್ ಬಗ್ಗಿ ಪಿಸುಗುಟ್ಟಿದ. "ಪಟ್ಟೀನೇ ಅಳಿಸ್ಬಿಡಿ ಆಂಟಿ. ಎಲ್ಲಾ ಓಪನ್ ಆಗ್ತದೆ. ನಾನು ಹಂಗೇ ಮಾಡಿದ್ದು. ಅವ್ರು ಭದ್ರಾವತಿ ಒಂದೇ ನೋಡೋದು."

ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ಅವಳನ್ನು ಅಲ್ಲಾಡಿಸಿತು. ಒಂದು ಸಾಲು ಒತ್ತಿದರೆ ಸಾಕು. ಬೆರಳು ಕೀಲಿಯ ಮೇಲೆ ನಿಂತಿತು. ಹೊಳೆಹೊನ್ನೂರಿನ ಕಂಪ್ಯೂಟರು ಎದುರಿಗೇ ಇತ್ತು. ಚೀಟಿಯ ಎರಡನೇ ಸಾಲೂ ಇತ್ತು. ಅರ್ಧ ಕೆಲಸ ಮಾಡಿ ಮುಗಿಯಿತು ಎನ್ನುವ ಸುಖ ಅವಳಿಗೆ ಯಾರೂ ಕಲಿಸಿರಲಿಲ್ಲ. ಬೆರಳು ತೆಗೆದಳು.

ಹತ್ತು ನಿಮಿಷ.

ಪಟ್ಟಿಯನ್ನು ಮತ್ತೆ ತೆರೆದಳು. ಐಪಿಎಕ್ಸಿನಲ್ಲಿ ನೆಟ್‌ವರ್ಕಿನ ನಂಬರಿಗೆ ಅಂಕಿಗಳ ಜೊತೆ ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರಗಳೂ ನಡೆಯುತ್ತವೆ. ಪೀರ್ ಬಾಷಾ ಆ ಆರೇ ಅಕ್ಷರಗಳಲ್ಲಿ ಕನ್ನಡ ಪದ ಹೊಂದಿಸಿ, ಮಕ್ಕಳಂತೆ ಖುಷಿಪಟ್ಟಿದ್ದರು. ಸರ್ವರಿನದು ಡಬ್ಬ. ಹೊಳೆಹೊನ್ನೂರಿನದು ಅಡ್ಡ. ಭದ್ರಾವತಿಯದು ಬೇಡ. ಪಟ್ಟಿಯಲ್ಲಿ ಅದೇ ಇತ್ತು: 'ಬೇಡ'ವನ್ನು ಒಳಗೆ ಬಿಡು. ಎರಡನೇ ಸಲ ಓದಿದಳು. ಬೇಡವನ್ನು ಒಳಗೆ ಬಿಡು. ಸರಿಯೇ ಇತ್ತು.

ಮೂರನೇ ಸಲ ಅವಳು ಓದಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುವಾಗ ಯಾರೂ ಓದುವುದಿಲ್ಲ, ಬೆರಳಲ್ಲಿ ಒಂದೊಂದೇ ಕಾಳು ಸರಿಸುತ್ತಾರೆ. ಪರದೆಗೆ ಬೆರಳಿಟ್ಟು ಅಕ್ಷರ ಸರಿಸಿದಳು. ರೂಟರು ತೋರಿಸುತ್ತಿದ್ದ ದಾರಿಗಳಲ್ಲಿ ಭದ್ರಾವತಿ: ಬಿ, ಇ, ಡಿ, ಎ. ಪಟ್ಟಿಯಲ್ಲಿ: ಬಿ, ಎ—

ಬೆರಳು ಅಲ್ಲೇ ನಿಂತಿತು. ಬಿ, ಎ, ಡಿ, ಎ. ಬ್ಯಾಡ.

ಪುಸ್ತಕದ ಬೇಡ ಒಂದು ಕಡೆ, ಬಾಯಿಯ ಬ್ಯಾಡ ಇನ್ನೊಂದು ಕಡೆ. ಹನ್ನೆರಡು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ಕಿವಿಗೆ ಎರಡೂ ಒಂದೇ ಆಗಿತ್ತು. ಆದ್ದರಿಂದಲೇ ಕಣ್ಣಿಗೆ ಕಾಣಲಿಲ್ಲ. ರೂಟರಿಗೆ ಮಾತ್ರ ಅವು ಬೇರೆ ಬೇರೆ ಊರು.

ಚಹಾದ ಲೋಟ ಹಿಡಿದು ಪೀರ್ ಬಾಷಾ ಒಳಗೆ ಬಂದರು.

"ಸರ್, ಇದು ನಾನು ಕೆಡ್ಸಿದ್ದಲ್ಲ. ನೀವು ಕೆಡ್ಸಿದ್ದು."

ಮಲ್ಲೇಶನ ಕಾಲಾಟ ನಿಂತಿತು. ಪೀರ್ ಬಾಷಾರ ಮುಖ ಬಿಗಿಯಿತು. "ಅಕ್ಕಾ, ಟೈಮ್ ಇಲ್ಲ ಅಂತ ನನ್ನ ಮೇಲೆ ಹಾಕ್ಬೇಡಿ."

"ನೀವು ಬ್ಯಾಡ ಅಂತ ಬರ್ದಿದೀರಿ. ಭದ್ರಾವತಿ ಬೇಡ. ನೋಡಿ ಇಲ್ಲಿ." ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು.

ಅವರು ಬಗ್ಗಿ ನೋಡಿದರು. ಅವಳು ಕಾಯಲಿಲ್ಲ. ಆ ರೂಟರಿನಲ್ಲಿ ಪಟ್ಟಿಯ ಒಂದು ಸಾಲನ್ನು ಮಾತ್ರ ತಿದ್ದಲು ಬರುತ್ತಿರಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕು. ಅಳಿಸಿದಳು. ಬರೆದಳು, ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು. ಭದ್ರಾವತಿಯಿಂದ ಕರೆದಳು.

ಸರ್ವರು ಹೆಸರು, ಪಾಸ್‌ವರ್ಡ್ ಕೇಳಿತು.

ಹೊಳೆಹೊನ್ನೂರಿನ ಕಂಪ್ಯೂಟರಿಗೆ ಎದ್ದು ಹೋಗಿ ಕರೆದಳು. ಅದು ಬಿಟ್ಟುಕೊಳ್ಳಲಿಲ್ಲ. "ಇದು ಬರ್ಬಾರ್ದು ಸರ್. ಬರ್ತಿಲ್ಲ." ಇನ್ನೂ ಮೂರು ನಿಮಿಷ ಉಳಿದಿತ್ತು.

"ತೌಬಾ" ಎಂದರು ಪೀರ್ ಬಾಷಾ ಹಣೆ ಒತ್ತಿಕೊಂಡು. "ಬೆಳಿಗ್ಗೆ ಸರಿಯಾಗೇ ಇತ್ತು. ಇವನು ಮುಗಿಸಿದ ಮೇಲೆ ನೋಡಿದ್ರೆ ಪಟ್ಟೀನೇ ಇರ್ಲಿಲ್ಲ. ಅರ್ಜೆಂಟಲ್ಲಿ ಮತ್ತೆ ಟೈಪ್ ಮಾಡ್ದೆ, ಬಾಯಿಗೆ ಬಂದಂಗೆ." ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. "ಲೇ ಮಲ್ಲೇಶಾ. ಪಟ್ಟಿ ಯಾಕೋ ಇರ್ಲಿಲ್ಲ?"

ಮಲ್ಲೇಶ್ ಕಿಟಕಿಯಿಂದ ಇಳಿದ. "ಓಪನ್ ಆಗ್ಬೇಕು ಅಂದ್ರಲ್ಲ ಸರ್..."

"ಬೀಗ ರಿಪೇರಿ ಮಾಡು ಅಂದ್ರೆ ಬಾಗ್ಲನ್ನೇ ಕಿತ್ತಿಟ್ಟಿದೀಯಲ್ಲೋ!" ಆಮೇಲೆ ಜಗದಾಂಬಾಳಿಗೆ ಅಂದರು: "ಸೋಮವಾರದಿಂದ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್ ತೆಗೀಬೇಕು ಅಕ್ಕಾ. ದಿನಾ. ಮನೇಲಿ ಕೇಳಿ ಹೇಳಿ."

"ಕೇಳೋದೇನಿಲ್ಲ ಸರ್. ಹೇಳ್ತೀನಿ."

ಹೇಳಿದಷ್ಟು ಸುಲಭವಿರಲಿಲ್ಲ. ಒಂಬತ್ತಕ್ಕೆ ಇಲ್ಲಿರಬೇಕಾದರೆ ಎಂಟಕ್ಕೆ ಭದ್ರಾವತಿ ಬಿಡಬೇಕು. ಬಸ್ಸಿನುದ್ದಕ್ಕೂ ಅವಳು ಆ ಒಂದು ವಾಕ್ಯವನ್ನು ಬಾಯೊಳಗೇ ತಿರುವಿ ಹಾಕಿದಳು. ಮನೆಯಲ್ಲಿ ವಿಶ್ವಾರಾಧ್ಯ ಎದ್ದು ಕೂತಿದ್ದ. ಕಲ್ಲಮ್ಮ ಅವರೆ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ, ಸೋಮವಾರದಿಂದ ದಿನಾ ಎಂಟಕ್ಕೆ ಹೊರಡುತ್ತೇನೆ ಎಂದು ಹೇಳಿಬಿಟ್ಟಳು.

ಕಲ್ಲಮ್ಮನೇ ಮೊದಲು ಬಾಯಿಬಿಟ್ಟರು. "ಬೆಳಿಗ್ಗೆ ರೊಟ್ಟಿ?"

"ಹಿಟ್ಟು ನಾದಿಟ್ಟು ಹೋಗ್ತೀನಿ. ತಟ್ಟೋದು ನಿಮ್ಮ ಮಗ."

"ಅವನಿಗೆಲ್ಲಿ ಬರ್ತದೆ?"

"ನಂಗೂ ಬರ್ತಿರ್ಲಿಲ್ಲ ಅತ್ತೆ" ಎಂದಳು ಜಗದಾಂಬಾ. "ನೀವೇ ಕಲ್ಸಿದ್ದು."